ಹೊಲ ಮಾರುವ ಮುನ್ನ



ಕಲಘಟಗಿ ತಾಲೂಕಿನ ದುಮ್ಮವಾಡವು ಅರೆಮಲೆನಾಡಿನ ಸೆರಗಿನ ಗ್ರಾಮ. ಭತ್ತ, ಹತ್ತಿ, ಗೋವಿನಜೋಳಗಳೇ ಈ ಸೀಮೆಯ ಬದುಕು. 2020ರ ಭೂಸುಧಾರಣಾ ತಿದ್ದುಪಡಿಯಿಂದ ಕೃಷಿಕರಲ್ಲದವರಿಗೂ ಹೊಲ ಕೊಳ್ಳುವ ದಾರಿ ತೆರೆಯಿತು. ಹುಬ್ಬಳ್ಳಿ-ಧಾರವಾಡಗಳ ಆಸುಪಾಸಿನ ಭೂಮಿಗೆ ಗಿರಾಕಿಗಳು ಒದಗುವುದು ಸಹಜ. ಆದರೆ ಮಾರಿ ಬಂದ ಹಣವು ಮದುವೆ-ಮನೆಗಳಲ್ಲಿ ಕರಗಿದರೆ, ಒಡೆಯನಾಗಿದ್ದವನೇ ಆ ಹೊಲಕ್ಕೆ ಕೂಲಿಗೆ ಹೋಗಬೇಕಾದೀತು!

ಇನ್ನೊಂದು ಮಾತು. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯಂತೆ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲುಂಟು. ಮದುವೆಯಿಂದ ಅದು ಅಳಿಯದು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯು ಸರಕಾರಿ ಬಸ್ಸಿನಲ್ಲಿ ಆಕೆಯ ತವರಿನ ದಾರಿಯನ್ನೂ ಸುಲಭಗೊಳಿಸಿತು. ಆದ್ದರಿಂದ ಹೆಣ್ಣುಮಕ್ಕಳನ್ನು ಕರೆಸಿ, ಉತಾರ ಮುಂದಿಟ್ಟು, ಎಲ್ಲರೂ ಕೂಡಿ ನಿರ್ಧರಿಸಿರಿ. ಬರಿಯ ಸಹಿಗಾಗಿ ಮಗಳನ್ನು ನೆನೆಯುವುದು ಧರ್ಮವಲ್ಲ.