ವೈದ್ಯಕೀಯ ತ್ಯಾಜ್ಯ: ವರದಿ ಬಂದರೆ ಸಾಲದು, ಲೆಕ್ಕ ತಾಳೆಯಾಗಬೇಕು

ಪ್ರತಿ ವರ್ಷ ಜೂನ್ 30ರೊಳಗೆ ದೇಶದ ಎಲ್ಲ ಆಸ್ಪತ್ರೆ, ಪ್ರಯೋಗಾಲಯ ಮತ್ತು ರಕ್ತನಿಧಿಗಳು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ವಾರ್ಷಿಕ ವರದಿ ಕೊಡಬೇಕು. ಅವುಗಳ ತ್ಯಾಜ್ಯವನ್ನು ಸಂಸ್ಕರಿಸಿ ನಾಶಪಡಿಸುವ ಸಾಮೂಹಿಕ ಘಟಕಗಳಿಗೂ ಇದೇ ಗಡುವು. ಹಿಂದಿನ ವರ್ಷದ ಜನವರಿಯಿಂದ ಡಿಸೆಂಬರ್‌ವರೆಗಿನ ಲೆಕ್ಕ ಅದರಲ್ಲಿರಬೇಕು. ರಾಜ್ಯ ಮಂಡಳಿ ಆ ವರದಿಗಳನ್ನು ಪರಿಶೀಲಿಸಿ, ಕ್ರೋಡೀಕರಿಸಿ ಜುಲೈ 31ರೊಳಗೆ ಕೇಂದ್ರ ಮಂಡಳಿಗೆ ಕಳಿಸಬೇಕು. ಕೇಂದ್ರ ಮಂಡಳಿ ಆಗಸ್ಟ್ 31ರೊಳಗೆ ಪರಿಸರ ಸಚಿವಾಲಯಕ್ಕೆ ತಲುಪಿಸಬೇಕು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮ ಹಾಕಿಕೊಟ್ಟ ಈ ಕ್ರಮ ಕಾಗದದ ಮೇಲೆ ಅಚ್ಚುಕಟ್ಟಾಗಿದೆ. ಆದರೆ ಸಾವಿರಾರು ವರದಿಗಳನ್ನು ಓದಿ, ಅಳೆದು ತೂಗಲು ರಾಜ್ಯ ಮಂಡಳಿಗೆ ಸಿಗುವುದು ಒಂದೇ ತಿಂಗಳು. ಅಷ್ಟರಲ್ಲಿ ಕೂಡುವ ಲೆಕ್ಕ ಮುಗಿಯಬಹುದು, ಪರಿಶೀಲನೆ ಮುಗಿಯದು.

ವರದಿಗೆಂದು ನಿಗದಿಯಾದ ನಮೂನೆ-4ನ್ನು ಒಮ್ಮೆ ಗಮನವಿಟ್ಟು ಓದಬೇಕು. ಹಳದಿ, ಕೆಂಪು, ಬಿಳಿ, ನೀಲಿ ವಿಭಾಗಗಳಲ್ಲಿ ವರ್ಷಕ್ಕೆ ಎಷ್ಟು ಕಿಲೊ ತ್ಯಾಜ್ಯ ಹುಟ್ಟಿತು, ಯಾವ ಯಂತ್ರ ಎಷ್ಟನ್ನು ಸಂಸ್ಕರಿಸಿತು, ದಹನದ ಬೂದಿ ಎಷ್ಟು, ಅದು ಹೋದದ್ದೆಲ್ಲಿಗೆ, ಮರುಬಳಕೆಗೆ ಮಾರಿದ ಪ್ಲಾಸ್ಟಿಕ್ ಎಷ್ಟು, ಸಿಬ್ಬಂದಿಗೆ ಎಷ್ಟು ತರಬೇತಿ ನಡೆಯಿತು, ಎಷ್ಟು ಅವಘಡಗಳಾದವು ಎಂದು ಅದು ಕೇಳುತ್ತದೆ. ಹೊಗೆ, ದ್ರವತ್ಯಾಜ್ಯ ಮತ್ತು ಸೋಂಕುನಿವಾರಣೆಯ ಮಾನದಂಡಗಳನ್ನು ಕಳೆದ ವರ್ಷ ಎಷ್ಟು ಬಾರಿ ಪಾಲಿಸಲಾಗಲಿಲ್ಲ ಎಂಬ ನೇರ ಪ್ರಶ್ನೆಯೂ ಅದರಲ್ಲಿದೆ. ಹೀಗೆ ಕೇಳಬೇಕಾದ್ದನ್ನೆಲ್ಲ ನಿಯಮವೇ ಕೇಳಿದೆ. ಬಂದ ಉತ್ತರ ನಿಜವೇ ಎಂದು ನೋಡುವ ಕೆಲಸದಲ್ಲಿ ಮಾತ್ರ ನಾವು ಹಿಂದೆ ಬಿದ್ದಿದ್ದೇವೆ.

ಏಕೆಂದರೆ ಈ ವರದಿ ಮೂಲತಃ ಸ್ವಯಂಘೋಷಣೆ. ತನ್ನ ಚಿಮಣಿ ಎಷ್ಟು ಬಾರಿ ಮಿತಿ ಮೀರಿತು ಎಂದು ಘಟಕವೇ ಬರೆಯಬೇಕು. ಅಲ್ಲಿ ಸೊನ್ನೆ ಬರೆದವರನ್ನು ಯಾರೂ ಮರುಪ್ರಶ್ನಿಸುವುದಿಲ್ಲ. ನಿಜ ಬರೆದವರಿಗೆ ನೋಟಿಸ್ ಬರುತ್ತದೆ. ಪ್ರಾಮಾಣಿಕರಿಗೇ ದಂಡ ಬೀಳುವ ಇಂಥ ಏರ್ಪಾಡಿನಲ್ಲಿ ಸೊನ್ನೆಗಳು ಹೆಚ್ಚುವುದು ಸಹಜ. ನೂರಾರು ಹಾಸಿಗೆಗಳ ಆಸ್ಪತ್ರೆಯಲ್ಲಿ ಇಡೀ ವರ್ಷ ಒಬ್ಬ ಸಿಬ್ಬಂದಿಗೂ ಸೂಜಿ ಚುಚ್ಚಲಿಲ್ಲ ಎಂಬ ವರದಿಯನ್ನು ಶಹಬ್ಬಾಸ್ ಎಂದು ಬದಿಗಿಡುವ ಬದಲು ಅನುಮಾನದಿಂದ ನೋಡಬೇಕು.

ಪರಿಹಾರ ಕಷ್ಟದ್ದಲ್ಲ. ಹಳ್ಳಿಯ ಹಾಲಿನ ಡೇರಿಯಲ್ಲಿ ಪ್ರತಿ ಮನೆಯ ಹಾಲನ್ನು ಅಳೆದು ಬರೆದುಕೊಳ್ಳುತ್ತಾರೆ. ಶೀತಲೀಕರಣ ಕೇಂದ್ರಕ್ಕೆ ಹೋದ ಮೇಲೆ ಮತ್ತೆ ಅಳೆಯುತ್ತಾರೆ. ಎರಡೂ ಕೂಡದಿದ್ದರೆ ಅಂದೇ ಪ್ರಶ್ನೆ ಏಳುತ್ತದೆ. ವೈದ್ಯಕೀಯ ತ್ಯಾಜ್ಯಕ್ಕೂ ಇದೇ ಶಿಸ್ತು ಬೇಕು. ಆಸ್ಪತ್ರೆಗಳು ಕೊಟ್ಟೆವೆಂದ ತೂಕ, ಘಟಕ ಪಡೆದೆನೆಂದ ತೂಕ, ಸಂಸ್ಕರಿಸಿದೆನೆಂದ ತೂಕ, ಕೊನೆಗೆ ಹೊರಬಿದ್ದ ಬೂದಿ ಮತ್ತು ಪ್ಲಾಸ್ಟಿಕ್ ಚೂರಿನ ತೂಕ: ಈ ನಾಲ್ಕೂ ಒಂದಕ್ಕೊಂದು ತಾಳೆಯಾಗಬೇಕು. ಇದಕ್ಕೆಂದೇ ಚೀಲಗಳಿಗೆ ಬಾರ್‌ಕೋಡ್ ಕಡ್ಡಾಯವಾಯಿತು. 2018ರ ತಿದ್ದುಪಡಿ ಅದಕ್ಕೆ 2019ರ ಮಾರ್ಚ್ 27ರ ಗಡುವನ್ನೂ ಕೊಟ್ಟಿತು. ಆದರೆ ಬಾರ್‌ಕೋಡಿನ ದೈನಂದಿನ ಲೆಕ್ಕ ಒಂದು ಕಡೆ, ವಾರ್ಷಿಕ ವರದಿಯ ಒಟ್ಟು ಮೊತ್ತ ಇನ್ನೊಂದು ಕಡೆ ಉಳಿದರೆ ಅಷ್ಟು ಖರ್ಚು ಮಾಡಿ ಬಂದ ಫಲವೇನು?

ದೇಶದ ಮಟ್ಟದ ಅಂಕಿಗಳೇ ಈ ಅಂತರವನ್ನು ತೋರಿಸಿವೆ. ಕೇಂದ್ರ ಮಂಡಳಿ ಕ್ರೋಡೀಕರಿಸಿದ 2019ರ ಲೆಕ್ಕದಂತೆ ದಿನಕ್ಕೆ ಸುಮಾರು 619 ಟನ್ ವೈದ್ಯಕೀಯ ತ್ಯಾಜ್ಯ ಹುಟ್ಟುತ್ತಿತ್ತು. ಸಂಸ್ಕರಣೆಯಾಗುತ್ತಿದ್ದದ್ದು ಸುಮಾರು 544 ಟನ್. ಉಳಿದ 75 ಟನ್ ಎಲ್ಲಿಗೆ ಹೋಯಿತು ಎಂಬ ಪ್ರಶ್ನೆ ಸಣ್ಣದಲ್ಲ. ಅದೂ ವರದಿಗೆ ಬಂದ ತ್ಯಾಜ್ಯದ ಮಾತು. ವರದಿಯನ್ನೇ ಕೊಡದ ಕ್ಲಿನಿಕ್, ಲ್ಯಾಬುಗಳ ತ್ಯಾಜ್ಯ ಈ ಲೆಕ್ಕದ ಹೊರಗೇ ಇರುತ್ತದೆ.

ಲೆಕ್ಕ ತಪ್ಪಿದ ತ್ಯಾಜ್ಯ ಯಾವ ದಾರಿ ಹಿಡಿಯುತ್ತದೆ ಎಂಬುದನ್ನು ಗುಜರಾತಿನ ಮೊಡಾಸಾ ಪಟ್ಟಣ 2009ರಲ್ಲಿ ಕಂಡಿತು. ಅಲ್ಲಿ ಹೆಪಟೈಟಿಸ್ ಬಿ ಹರಡಿ ಹತ್ತಾರು ಜನ ಸತ್ತರು. ತನಿಖೆ ನಡೆದಾಗ ಬಳಸಿದ ಸಿರಿಂಜ್‌ಗಳ ಮರುಬಳಕೆ ಮತ್ತು ಅಕ್ರಮ ಮಾರಾಟ ಬೆಳಕಿಗೆ ಬಂತು. ಕೆಂಪು ಚೀಲಕ್ಕೆ ಬೀಳುವ ಸಲೈನ್ ಬಾಟಲಿ, ಟ್ಯೂಬು, ಸಿರಿಂಜ್‌ಗಳಿಗೆ ಗುಜರಿಯಲ್ಲಿ ಬೆಲೆಯಿದೆ. ಆಟೊಕ್ಲೇವ್ (ಹಬೆಯಿಂದ ಸೋಂಕುನಿವಾರಣೆ) ಮಾಡಿ, ಚೂರು ಮಾಡಿದ ನಂತರವೇ ಅವು ಮರುಬಳಕೆಯ ಉದ್ಯಮಕ್ಕೆ ಹೋಗಬೇಕು ಎಂಬ ನಿಯಮ ಇರುವುದು ಅದಕ್ಕಾಗಿಯೇ. ಸಾಗಿಸುವ ದಾರಿಯಲ್ಲಿ ಒಂದು ಚೀಲ ಕಾಣೆಯಾದರೂ ಅದರ ಬೆಲೆ ತೆರುವವರು ಬರಿಗೈಯಲ್ಲಿ ಕಸ ಆರಿಸುವ ಮಕ್ಕಳು, ಪೌರಕಾರ್ಮಿಕರು ಮತ್ತು ಏನೂ ಅರಿಯದ ರೋಗಿಗಳು.

ಸುಡುವ ಕಡೆಯೂ ಅಪಾಯ ಕಡಿಮೆಯಿಲ್ಲ. ಇನ್ಸಿನರೇಟರ್‌ನ ಮೊದಲ ಕೋಣೆಯಲ್ಲಿ 800 ಡಿಗ್ರಿ, ಎರಡನೆಯದರಲ್ಲಿ 1,050 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖ ಇರಬೇಕು. ಅನಿಲ ಎರಡನೆಯ ಕೋಣೆಯಲ್ಲಿ ಕನಿಷ್ಠ 2 ಸೆಕೆಂಡ್ ನಿಲ್ಲಬೇಕು. ಶಾಖ ಇಳಿದು, ಕ್ಲೋರಿನ್ ಇರುವ ಪ್ಲಾಸ್ಟಿಕ್ ಬೆಂಕಿಗೆ ಬಿದ್ದರೆ ಡಯಾಕ್ಸಿನ್, ಫ್ಯೂರಾನ್‌ಗಳಂಥ ಕಡುವಿಷ ಹುಟ್ಟುತ್ತದೆ. 2016ರ ನಿಯಮ ಅವುಗಳಿಗೆ ಪ್ರತಿ ಘನ ಮೀಟರ್ ಅನಿಲಕ್ಕೆ 0.1 ನ್ಯಾನೊಗ್ರಾಮ್ ಎಂಬ ಬಿಗಿ ಮಿತಿ ಹಾಕಿತು. ಆದರೆ ಈ ವಿಷಗಳ ಪರೀಕ್ಷೆ ಕಡ್ಡಾಯವಾಗಿರುವುದು ವರ್ಷಕ್ಕೆ ಒಮ್ಮೆ ಮಾತ್ರ. ಉಳಿದ ದಿನಗಳಿಗೆ ಸಾಕ್ಷಿ ಎಂದರೆ ಶಾಖದ ದಾಖಲೆ. ಹಲವೆಡೆ ಘಟಕಗಳಿಗೆ ಹಾಸಿಗೆಯ ಲೆಕ್ಕದಲ್ಲಿ ಶುಲ್ಕ ಸಂದಾಯವಾಗುತ್ತದೆ. ಎಷ್ಟು ಸುಟ್ಟರೂ ಆದಾಯ ಅಷ್ಟೇ. ಡೀಸೆಲ್ ಉಳಿಸಿದರೆ ಲಾಭ. ಈ ಆಮಿಷ ಇರುವಾಗ ಶಾಖದ ಆನ್‌ಲೈನ್ ದಾಖಲೆಯನ್ನು ವಾರ್ಷಿಕ ವರದಿಯ ಜೊತೆಗಿಟ್ಟು ನೋಡದೆ ಯಾವ ಘಟಕಕ್ಕೂ ‘ಮಾನದಂಡ ಪಾಲಿಸಿದೆ’ ಎಂಬ ಮುದ್ರೆ ಒತ್ತಬಾರದು.

2023ರ ಜನವಿಶ್ವಾಸ ಕಾಯ್ದೆ, ಈ ತ್ಯಾಜ್ಯ ನಿಯಮಗಳಿಗೆ ಆಧಾರವಾದ ಪರಿಸರ ಸಂರಕ್ಷಣಾ ಕಾಯ್ದೆಯ ಜೈಲು ಶಿಕ್ಷೆಯ ಜಾಗದಲ್ಲಿ 10 ಸಾವಿರದಿಂದ 15 ಲಕ್ಷ ರೂಪಾಯಿವರೆಗಿನ ದಂಡವನ್ನು ತಂದಿದೆ. ಜೈಲಿನ ಭಯ ಹೋದ ಮೇಲೆ ಉಳಿಯುವ ಅಂಕುಶ ಎಂದರೆ ದಂಡ ಮತ್ತು ಜನರ ಕಣ್ಣು. ದಂಡ ಹಾಕಲು ದಾಖಲೆ ಬೇಕು, ಜನ ನೋಡಲು ವರದಿ ಬಹಿರಂಗವಾಗಬೇಕು. ಎರಡಕ್ಕೂ ಆಧಾರ ಈ ವಾರ್ಷಿಕ ವರದಿಯೇ. ವರದಿಗಳನ್ನು ಆಸ್ಪತ್ರೆಗಳ ಮತ್ತು ಮಂಡಳಿಗಳ ಜಾಲತಾಣದಲ್ಲಿ ಹಾಕಬೇಕೆಂದು ನಿಯಮವೇ ಹೇಳಿದೆ. ಹಾಗಾಗಿ ಇಲ್ಲಿ ಯಾರೂ ಹೊಸ ಕಾನೂನನ್ನು ಕೇಳುತ್ತಿಲ್ಲ.

ಕರ್ನಾಟಕ ಇದರಲ್ಲಿ ಮುಂದಾಳಾಗಬಹುದು. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಾಯಿತವಾದ ಆಸ್ಪತ್ರೆ, ಕ್ಲಿನಿಕ್, ಲ್ಯಾಬುಗಳ ಪಟ್ಟಿ ಆರೋಗ್ಯ ಇಲಾಖೆಯ ಬಳಿ ಇದೆ. ತ್ಯಾಜ್ಯ ನಿರ್ವಹಣೆಗೆ ಅನುಮತಿ ಪಡೆದವರ ಪಟ್ಟಿ ಮಾಲಿನ್ಯ ನಿಯಂತ್ರಣ ಮಂಡಳಿಯ ಬಳಿ ಇದೆ. ಎರಡನ್ನೂ ಅಕ್ಕಪಕ್ಕ ಇಟ್ಟರೆ ವರದಿಯಿಂದ ತಪ್ಪಿಸಿಕೊಂಡವರ ಹೆಸರು ತಾನಾಗಿ ಸಿಗುತ್ತದೆ. ಮಂಡಳಿ ಪ್ರತಿ ವರ್ಷ ಕೆಲವು ಘಟಕಗಳನ್ನು ಮುನ್ಸೂಚನೆಯಿಲ್ಲದೆ ಆರಿಸಿ, ಬಾರ್‌ಕೋಡ್ ದಾಖಲೆ, ವಾಹನದ ಜಿಪಿಎಸ್, ಇಂಧನದ ರಸೀದಿ ಮತ್ತು ಬೂದಿಯ ತೂಕವನ್ನು ತಾಳೆ ನೋಡಿ ಫಲಿತಾಂಶವನ್ನು ಜಿಲ್ಲಾವಾರು ಕನ್ನಡದಲ್ಲಿ ಪ್ರಕಟಿಸಲಿ. ತಪ್ಪನ್ನು ತಾನೇ ದಾಖಲಿಸಿ ಸರಿಪಡಿಸಿಕೊಂಡ ಘಟಕಕ್ಕೆ ದಂಡದಲ್ಲಿ ರಿಯಾಯಿತಿ ಇರಲಿ. ಮುಚ್ಚಿಟ್ಟು ಸಿಕ್ಕಿಬಿದ್ದವರಿಗೆ ಇಮ್ಮಡಿ ಬೀಳಲಿ.

ಓದುಗರಿಗೂ ಇದರಲ್ಲಿ ಪಾಲಿದೆ. ನಿಮ್ಮೂರಿನ ಆಸ್ಪತ್ರೆಯ ಜಾಲತಾಣದಲ್ಲಿ ಕಳೆದ ವರ್ಷದ ತ್ಯಾಜ್ಯ ವರದಿ ಇದೆಯೇ ನೋಡಿ. ಇಲ್ಲದಿದ್ದರೆ ಆಸ್ಪತ್ರೆಯನ್ನೇ ಕೇಳಿ, ಮಂಡಳಿಗೆ ಪತ್ರ ಬರೆಯಿರಿ, ಮಾಹಿತಿ ಹಕ್ಕಿನ ಅರ್ಜಿ ಹಾಕಿ. ನಿಮ್ಮ ಚಿಕಿತ್ಸೆಗೆ ಬಳಸಿದ ಸೂಜಿ ಎಲ್ಲಿ ಕೊನೆಗೊಂಡಿತು ಎಂದು ತಿಳಿಯುವ ಹಕ್ಕು ನಿಮಗಿದೆ.