ಖರಾಬು ಎಂಬ ಒಂದು ಮಾತು

ಭಾಷೆಗೆ ದುಡಿದವರನ್ನು ಸ್ಮರಿಸುವ ಸಂದರ್ಭ ಬಂದಾಗ ನಾವು ಸಾಮಾನ್ಯವಾಗಿ ಕವಿಯನ್ನೋ ನಿಘಂಟುಕಾರನನ್ನೋ ವ್ಯಾಕರಣ ಪಂಡಿತನನ್ನೋ ನೆನೆಯುತ್ತೇವೆ. ಈ ವಾರ ನಾನು ನೆನೆಯಬೇಕೆಂದಿರುವುದು ಬೇರೊಂದು ಬಗೆಯ ಕೆಲಸಗಾರರನ್ನು. ನೆಲ, ಜಲ, ಕಾಡುಗಳ ಪರವಾಗಿ ಸರ್ಕಾರದ ಮುಂದೆಯೂ ನ್ಯಾಯಾಲಯದ ಮುಂದೆಯೂ ವಕಾಲತ್ತು ವಹಿಸುವ ಸಂಸ್ಥೆಗಳು ನಮ್ಮ ರಾಜ್ಯದಲ್ಲಿ ಕೆಲವಿವೆ. ಅವಕ್ಕೆ ಲಾಭದ ಗುರಿಯಿಲ್ಲ. ಅಧಿಕಾರವಂತೂ ಮೊದಲೇ ಇಲ್ಲ. ಅಲ್ಲಿ ದುಡಿಯುವವರನ್ನು ಸಾಹಿತ್ಯದ ಪುಟಕ್ಕೆ ಕರೆತರುವುದೇಕೆಂದು ವಾಚಕರು ಕೇಳಬಹುದು. ಅವರ ಕೆಲಸದ ಬಹುಭಾಗ ಭಾಷಾಂತರವೆಂಬುದು ನನಗೆ ತಡವಾಗಿಯಾದರೂ ಮನವರಿಕೆಯಾದದ್ದರಿಂದ ಈ ಸಾಹಸ.

ಕೆಲವು ಕಾಲದ ಹಿಂದೆ ಅಂಥ ಒಂದು ಕಛೇರಿಗೆ ಹೋಗಿದ್ದೆ. ಹೋಗುವ ಮೊದಲು ನನ್ನ ಮನಸ್ಸಿನಲ್ಲಿದ್ದ ಚಿತ್ರ ಬಾವುಟ, ಘೋಷಣೆ, ಮೆರವಣಿಗೆಗಳದು. ಕಂಡದ್ದು ಮಹಡಿಯ ಮೇಲಿನ ಎರಡು ಕೋಣೆ, ಕಬ್ಬಿಣದ ಬೀರು, ದಾರ ಕಟ್ಟಿದ ಕಡತಗಳು, ಗೋಡೆಗೆ ಅಂಟಿಸಿದ ಸರ್ವೆ ನಕ್ಷೆ. ಒಬ್ಬರು ಪಹಣಿಯ ನಕಲುಗಳನ್ನು ಸರ್ವೆ ನಂಬರಿನ ಕ್ರಮದಲ್ಲಿ ಜೋಡಿಸುತ್ತಿದ್ದರು. ಇನ್ನೊಬ್ಬರು ಹೊಳೆಯ ನೀರು ತುಂಬಿದ ಶೀಸೆಗಳಿಗೆ ಊರು, ದಿನ, ವೇಳೆಗಳನ್ನು ಬರೆದ ಚೀಟಿ ಹಚ್ಚುತ್ತಿದ್ದರು. ಮೂಲೆಯ ಮೇಜಿನ ಮುಂದೆ ಕುಳಿತಿದ್ದ ತರುಣಿಯೊಬ್ಬರು ಕಲ್ಲುಗಣಿಯೊಂದರ ಪರಿಸರ ಪರಿಣಾಮ ವರದಿಯನ್ನೂ ಅದರ ಕನ್ನಡ ಸಾರಾಂಶವನ್ನೂ ಅಕ್ಕಪಕ್ಕದಲ್ಲಿಟ್ಟುಕೊಂಡು ಸಾಲುಸಾಲಾಗಿ ಹೋಲಿಸಿ ನೋಡುತ್ತಿದ್ದರು. ವರದಿ ನೂರಾರು ಪುಟಗಳ ಇಂಗ್ಲಿಷು; ಸಾರಾಂಶ ಹನ್ನೆರಡು ಪುಟಗಳ ಕನ್ನಡ. ಆದರೆ ಆ ಕನ್ನಡ ಎಂಥದು! "ಋತುಮಾನಿಕ ಜಲಮಾರ್ಗ" ಎಂದಿತ್ತು. ಹಳ್ಳವೆಂದು ತಿಳಿಯಲು ನನಗೇ ಅರೆನಿಮಿಷ ಹಿಡಿಯಿತು. ಗುಡ್ಡದ ಬಗ್ಗೆ "ಬಂಜರು, ಖರಾಬು ಜಮೀನು" ಎಂದಿಷ್ಟೇ ಇತ್ತು. ಆಕೆ ಆ ಮಾತಿನ ಕೆಳಗೆ ಗೆರೆಯೆಳೆದು, ಊರಿನ ಹಿರಿಯರೊಬ್ಬರಿಗೆ ದೂರವಾಣಿ ಮಾಡಿದರು.

"ಅಜ್ಜಾರ, ಆ ಗುಡ್ಡಕ್ಕ ನಿಮ್ಮ ಊರಾಗ ಏನಂತಾರ್ರೀ?"

ಆ ಕಡೆಯ ಉತ್ತರ ನನಗೂ ಕೇಳಿಸುವಷ್ಟು ಗಟ್ಟಿಯಾಗಿತ್ತು: "ಏನಂತಾರವಾ? ದನಾ ಮೇಯೋ ಗುಡ್ಡ ಅಂತಾರ. ಮತ್ತೇನನ್ನಬೇಕು?"

ಆಕೆ ಅದನ್ನು ಹಾಗೆಯೇ ಬರೆದುಕೊಂಡರು. ನಾನು ಅಲ್ಲಿಂದ ಏಳುವ ಹೊತ್ತಿಗೆ ನನ್ನ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು: ಖರಾಬು.

ಖರಾಬು ಎಂದರೆ ಕೆಟ್ಟದ್ದು. ಕಂದಾಯದ ಲೆಕ್ಕದಲ್ಲಿ ಸಾಗುವಳಿಗೆ ಬಾರದ, ಆದಕಾರಣ ಕಂದಾಯ ಕೊಡದ ನೆಲಕ್ಕೆ ಈ ಹೆಸರು. ಬೊಕ್ಕಸಕ್ಕೆ ಏನೂ ಕೊಡದ್ದು ಕೆಟ್ಟದ್ದು ಎಂಬುದು ಬೊಕ್ಕಸದ ನ್ಯಾಯ. ಆದರೆ ಅದೇ ನೆಲಕ್ಕೆ ನಮ್ಮ ಜನ ಇಟ್ಟಿರುವ ಹೆಸರುಗಳನ್ನು ಗಮನಿಸಿ. ದನ ಮೇಯುವುದು ಗೋಮಾಳ. ಹುಲ್ಲು ಬೆಳೆಯುವುದು ಹುಲ್ಲುಬನ್ನಿ. ಅಡಕೆ ತೋಟಕ್ಕೆ ಸೊಪ್ಪು ಕೊಡುವುದು ಮಲೆನಾಡಿನ ಸೊಪ್ಪಿನ ಬೆಟ್ಟ. ಸೊರಬ, ಸಿದ್ದಾಪುರಗಳ ಕಡೆ ನೀರಿಗೂ ದೇವರಿಗೂ ಆಸರೆಯಾದದ್ದು ಕಾನು. ಗದ್ದೆಗೆ ಅಂಟಿಕೊಂಡು ಮೇವು, ಸೌದೆ, ಸೊಪ್ಪುಗಳನ್ನು ಒದಗಿಸುವುದು ಕೊಡಗಿನ ಬಾಣೆ. ದಕ್ಷಿಣ ಕನ್ನಡದಲ್ಲಿ ಕುಮ್ಕಿ. ಬಯಲು ಸೀಮೆಯಲ್ಲಿ ಅಮೃತಮಹಲಿನ ಕಾವಲು. ಒಂದೊಂದು ಹೆಸರಿನಲ್ಲಿಯೂ ಒಂದೊಂದು ಉಪಯೋಗ, ಒಂದೊಂದು ಹಕ್ಕು, ಒಂದೊಂದು ಮರ್ಯಾದೆ ಅಡಗಿದೆ. ಇವೆಲ್ಲವೂ ಕಡತಕ್ಕೆ ಬರುವಾಗ ಸವೆದು ಸವೆದು "ಪಾಳು" ಎಂದೋ "ಖರಾಬು" ಎಂದೋ ಆಗುತ್ತವೆ. ಒಮ್ಮೆ ಪಾಳು ಎಂದು ಬರೆದಾಯಿತೆಂದರೆ ಅದನ್ನು ಯಾರಿಗೆ ಬೇಕಾದರೂ ಕೊಡಬಹುದು. ಪಾಳು ಬಿದ್ದದ್ದಕ್ಕೆ ಒಡೆಯನೆಲ್ಲಿ?

ಇದು ಬರಿಯ ಶಬ್ದಜಿಜ್ಞಾಸೆಯಲ್ಲ. 1984ರಲ್ಲಿ ರಾಜ್ಯ ಸರ್ಕಾರವೂ ಹರಿಹರದ ಪಾಲಿಫೈಬರ್ಸ್ ಕಾರ್ಖಾನೆಯೂ ಕೂಡಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪೆನಿಯನ್ನು ಸ್ಥಾಪಿಸಿದವು. ನಾಲ್ಕು ಜಿಲ್ಲೆಗಳಲ್ಲಿ ಹರಡಿದ ಸುಮಾರು 75,000 ಎಕರೆ 'ಸಿ' ಮತ್ತು 'ಡಿ' ದರ್ಜೆಯ ಜಮೀನಿನಲ್ಲಿ ನೀಲಗಿರಿ ಮೊದಲಾದ ಮರಗಳನ್ನು ಬೆಳೆದು ಕಾರ್ಖಾನೆಗೆ ಒದಗಿಸುವುದು ಅದರ ಉದ್ದೇಶ. ದರ್ಜೆಯ ಅಕ್ಷರಗಳಲ್ಲಿ ಆ ನೆಲ ಬರಿದಾಗಿ ಕಂಡಿತು. ಸುತ್ತಲ ಹಳ್ಳಿಗಳಿಗೆ ಅದು ಮೇವು, ಸೌದೆ, ಸೊಪ್ಪು. ಧಾರವಾಡದ ಸಮಾಜ ಪರಿವರ್ತನ ಸಮುದಾಯದವರು ಹಳ್ಳಿಹಳ್ಳಿಗೆ ನಡೆದು ಆ ನೆಲದ ಉಪಯೋಗವನ್ನು ಕೇಳಿ ಬರೆದುಕೊಂಡರು. 1986ರ ಕೊನೆಗೆ ವಿಷಯ ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿತು. ಅರ್ಜಿದಾರರಲ್ಲಿ ಮೊದಲಿಗರು ಶಿವರಾಮ ಕಾರಂತರು. ಆ ನೆಲವನ್ನೇ ನಂಬಿ ಬದುಕುವವರ ಮಾತನ್ನು ಕೇಳದೆ ಅದನ್ನು ಪರಾಧೀನ ಮಾಡಬಹುದೆ ಎಂಬುದು ಅರ್ಜಿಯ ಸಾರ. 1987ರ ನವೆಂಬರ್ 14ರಂದು ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ ಜನ ನೂರರಷ್ಟು ನೀಲಗಿರಿ ಸಸಿಗಳನ್ನು ಕಿತ್ತು, ಹಣ್ಣಿಗೂ ಮೇವಿಗೂ ಒದಗುವ ಗಿಡಗಳನ್ನು ನೆಟ್ಟು ಸೆರೆಹೋದರು. "ಕಿತ್ತಿಕೊ, ಹಚ್ಚಿಕೊ" ಎಂದು ಆ ಸತ್ಯಾಗ್ರಹಕ್ಕೆ ಹೆಸರು. ಕೀಳುವುದರ ಜೊತೆಯಲ್ಲಿಯೇ ಹಚ್ಚುವುದನ್ನೂ ಹೇಳಿದ ಆ ಹೆಸರಿಗಿಂತ ಚೆಲುವಾದ ಹೆಸರನ್ನು ಯಾವ ವಿದ್ವತ್ಸಭೆಯೂ ಹುಡುಕಲಾರದಾಗಿತ್ತು. 1990ರ ದಶಕದ ಆರಂಭದಲ್ಲಿ ಕಂಪೆನಿ ಮುಚ್ಚಿತು.

ಇಲ್ಲಿ ಕಾರಂತರ ಹೆಸರು ಉಳಿದದ್ದು ಸಹಜ. ಕುಸನೂರಿನ ಹೆಸರು ಉಳಿದದ್ದು ನ್ಯಾಯ. ಉಳಿಯದೆ ಹೋದದ್ದು ಹಳ್ಳಿಯ ಮಾತನ್ನು ಅರ್ಜಿಯ ಮಾತಾಗಿ ತಿದ್ದಿದ ಕೈಗಳ ಹೆಸರು. "ನಮ್ಮ ದನ ಎಲ್ಲಿ ಮೇಯಬೇಕು?" ಎಂಬುದು ಕೂಗು. ಅದು ಸಂವಿಧಾನದ ಇಂಥ ಅನುಚ್ಛೇದದ ಉಲ್ಲಂಘನೆ ಎಂಬುದು ವಾದ. ಕೂಗಿನಿಂದ ವಾದಕ್ಕೆ ಸಾಗುವ ದಾರಿ ಉದ್ದವಾದದ್ದು. ಆ ದಾರಿಯಲ್ಲಿ ಕೂಗಿನ ಜೀವ ಹೋಗದಂತೆ ಕಾಯುವುದೇ ನಾನು ಹೇಳುತ್ತಿರುವ ಭಾಷಾಂತರ.

ಮಾತನ್ನು ಅಂಕಿಯಾಗಿ ಭಾಷಾಂತರಿಸುವುದೂ ಇದೇ ಜನರ ಪಾಲಿನ ಕೆಲಸ. ಕುದುರೆಮುಖದಲ್ಲಿ ಅದಿರು ತೆಗೆಯುತ್ತಿದ್ದ ವರ್ಷಗಳಲ್ಲಿ ಮಳೆಗಾಲದ ಭದ್ರೆ ಕೆಂಪಾಗಿ ಹರಿಯುತ್ತಿದ್ದುದನ್ನು ದಂಡೆಯ ಜನರೆಲ್ಲ ಕಂಡಿದ್ದರು. ಆದರೆ "ಹೊಳೆ ಕೆಂಪಾಗಿದೆ" ಎಂಬುದು ನ್ಯಾಯಾಲಯಕ್ಕೆ ಸಾಲದು. ನೀರಿನಲ್ಲಿ ಹೂಳೆಷ್ಟು, ಯಾವ ತಿಂಗಳಲ್ಲಿ ಎಷ್ಟು, ಗಣಿಯ ಮೇಲಕ್ಕೆ ಎಷ್ಟು, ಕೆಳಕ್ಕೆ ಎಷ್ಟು ಎಂದು ಅಳೆದವರಿದ್ದರು. 2002ರ ಅಕ್ಟೋಬರ್ 30ರಂದು ಸರ್ವೋಚ್ಚ ನ್ಯಾಯಾಲಯದ ತೀರ್ಪು ಬಂದಿತು; 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ಬಳ್ಳಾರಿಯದೂ ಇಂಥದೇ ಕಥೆ. ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಹೂಡಿದ ಮೊಕದ್ದಮೆಯಲ್ಲಿ 2011ರ ಜುಲೈ 29ರಂದು ಆ ಜಿಲ್ಲೆಯ ಅದಿರು ಗಣಿಗಾರಿಕೆಗೆ ತಡೆ ಬಿದ್ದಿತು. ಗುತ್ತಿಗೆಗಳ ಗಡಿಗಳನ್ನೆಲ್ಲ ಮರಳಿ ಅಳೆಸಲಾಯಿತು. 2013ರ ಏಪ್ರಿಲ್ 18ರ ತೀರ್ಪು ಮಿತಿಮೀರಿದ ಅಕ್ರಮದ 'ಸಿ' ವರ್ಗದ ಗುತ್ತಿಗೆಗಳನ್ನು ರದ್ದುಮಾಡಿತು. ಗಡಿಕಲ್ಲು ಎಲ್ಲಿದೆ ಎಂಬ ಒಂದು ಪ್ರಶ್ನೆಯನ್ನು ಬಿಡದೆ ಕೇಳಿದ್ದರ ಫಲ ಅದು.

ಗೆಲವುಗಳನ್ನಷ್ಟೇ ಎಣಿಸಿದರೆ ಚಿತ್ರ ಸುಳ್ಳಾದೀತು. ಚಳ್ಳಕೆರೆಯ ಕಾವಲುಗಳಲ್ಲಿ ಸುಮಾರು 10,000 ಎಕರೆ ಹುಲ್ಲುಗಾವಲು ರಕ್ಷಣಾ, ಅಣುವಿಜ್ಞಾನ, ಬಾಹ್ಯಾಕಾಶ ಮೊದಲಾದ ಸಂಸ್ಥೆಗಳಿಗೆ ಹಂಚಿಹೋಯಿತು. ಕುರಿ ಮೇಯಿಸಿ ಕಂಬಳಿ ನೇಯ್ದು ಬಾಳುತ್ತಿದ್ದ ಜನರ ಪರವಾಗಿ ಬೆಂಗಳೂರಿನ ಪರಿಸರ ಸಂಸ್ಥೆಯೊಂದು ಹಸಿರು ನ್ಯಾಯಾಧಿಕರಣದಲ್ಲಿ ವಾದಿಸಿತು. 2014ರಲ್ಲಿ ತೀರ್ಮಾನವಾಯಿತು, ಷರತ್ತುಗಳು ಬಂದುವು, ಹುಲ್ಲುಗಾವಲು ಹಿಂದಿರುಗಲಿಲ್ಲ. ಇಂಥ ಸೋಲಿನ ಮರುದಿನವೂ ಕಛೇರಿಯ ಬಾಗಿಲು ತೆರೆಯಬೇಕು, ಮುಂದಿನ ಕಡತ ಬಿಚ್ಚಬೇಕು. ಗೆದ್ದರೂ ಕಾಣಿಸುವುದಕ್ಕೆ ಏನೂ ಇರುವುದಿಲ್ಲ. ಅಣೆಕಟ್ಟು ಕಟ್ಟಿದವನಿಗೆ ಶಿಲಾಫಲಕವುಂಟು; ಮುಳುಗದೆ ಉಳಿದ ಕಾಡಿಗೆ ಯಾವ ಶಿಲಾಫಲಕ?

ಇವರು ಅಭಿವೃದ್ಧಿಯ ವಿರೋಧಿಗಳು ಎಂಬ ಆಕ್ಷೇಪಣೆಯನ್ನು ನಾನೂ ಕೇಳಿದ್ದೇನೆ. ಅದಕ್ಕೆ ಉತ್ತರ ಸುಲಭ. ಇವರ ಕೈಯಲ್ಲಿ ತೀರ್ಮಾನವಿಲ್ಲ. ತೀರ್ಮಾನಕ್ಕೆ ಮುಂಚೆ ಕೇಳಬೇಕಾದವರ ಮಾತನ್ನು ಕೇಳಿ ಎಂಬುದಷ್ಟೇ ಇವರ ಕೋರಿಕೆ. ಕಟ್ಟುವವನು ತನ್ನ ಪಕ್ಷವನ್ನು ಬಲವಾಗಿ ಹೇಳಿಕೊಳ್ಳುವಲ್ಲಿ, ಕಳೆದುಕೊಳ್ಳುವವನ ಪಕ್ಷವನ್ನೂ ಅಷ್ಟೇ ಬಲವಾಗಿ ಹೇಳುವವರು ಬೇಡವೆ? ಇನ್ನೊಂದು ಆಕ್ಷೇಪಣೆಗೆ ಉತ್ತರ ಅಷ್ಟು ಸುಲಭವಲ್ಲ. ಈ ಸಂಸ್ಥೆಗಳಲ್ಲಿಯೂ ಕೆಲವು ತಮ್ಮ ವರದಿಗಳನ್ನು ಇಂಗ್ಲಿಷಿನಲ್ಲಿಯೇ ಬರೆದು ಇಂಗ್ಲಿಷಿನಲ್ಲಿಯೇ ಮುಗಿಸುತ್ತವೆ. ಹಳ್ಳಿಯವನು ಅಲ್ಲಿ ಸಾಕ್ಷಿಯಾಗುತ್ತಾನೆ, ಓದುಗನಾಗುವುದಿಲ್ಲ. ಸರ್ಕಾರದಲ್ಲಿ ದೋಷವಾದದ್ದು ಸಂಸ್ಥೆಯಲ್ಲಿ ಗುಣವಾಗಲಾರದು. ಇದನ್ನು ಅವರಿಗೆ ಸ್ನೇಹಿತರಾದವರೇ ಹೇಳಬೇಕು.

ಕಾನೂನು ಈ ವಿಷಯದಲ್ಲಿ ಏನು ಹೇಳುತ್ತದೆಂಬುದನ್ನು ವಿದ್ಯಾರ್ಥಿಗಳು ತಿಳಿದಿರುವುದು ಒಳ್ಳೆಯದು. 2006ರ ಸೆಪ್ಟೆಂಬರ್ 14ರ ಅಧಿಸೂಚನೆಯಂತೆ ದೊಡ್ಡ ಯೋಜನೆಗಳಿಗೆ ಅನುಮತಿ ಕೊಡುವ ಮೊದಲು ಸಾರ್ವಜನಿಕ ಅಹವಾಲು ಸಭೆ ನಡೆಯತಕ್ಕದ್ದು. ಜನ ಓದಿ ಉತ್ತರ ಹೇಳಲು 30 ದಿನಗಳ ಅವಕಾಶವಿರತಕ್ಕದ್ದು. ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿಯೂ ದೊರೆಯತಕ್ಕದ್ದು. ಸಭೆಯ ನಡವಳಿಯನ್ನು ಸ್ಥಳೀಯ ಭಾಷೆಯಲ್ಲಿ ಓದಿ ಹೇಳತಕ್ಕದ್ದು. ಇವು ಕನ್ನಡಕ್ಕೆ ದೊರೆತ ಹಕ್ಕುಗಳು. ನಮ್ಮ ಭಾಷಾಭಿಮಾನದ ಭಾಷಣಗಳಲ್ಲಿ ಇವುಗಳ ಪ್ರಸ್ತಾಪವನ್ನು ನಾನು ಕೇಳಿದ್ದು ಕಡಮೆ. ಅದೇ ಅಧಿಸೂಚನೆಯಲ್ಲಿ ಇನ್ನೊಂದು ಮಾತೂ ಇದೆ: ಸಭೆ ಆರಂಭವಾಗಲು ಇಂತಿಷ್ಟು ಜನ ಸೇರಿರಬೇಕೆಂಬ ನಿಯಮವಿಲ್ಲ. ಯಾರೂ ಬಾರದಿದ್ದರೂ ಸಭೆ ಸಭೆಯೇ. ಯಾರಿಗೂ ಅರ್ಥವಾಗದಿದ್ದರೂ ಸಾರಾಂಶ ಸಾರಾಂಶವೇ.

2020ರಲ್ಲಿ ಈ ಅಧಿಸೂಚನೆಯ ಬದಲಿಗೆ ಹೊಸತೊಂದರ ಕರಡು ಹೊರಟಾಗ ಅದನ್ನು ಇಂಗ್ಲಿಷು, ಹಿಂದಿಗಳಲ್ಲಿ ಪ್ರಕಟಿಸಿ ಜನರ ಅಭಿಪ್ರಾಯ ಕೇಳಲಾಯಿತು. ಎಂಟನೆಯ ಅನುಸೂಚಿಯ ಭಾಷೆಗಳಿಗೆಲ್ಲ ಅದನ್ನು ಭಾಷಾಂತರಿಸಬೇಕೆಂದು ಜೂನ್ 30ರಂದು ದೆಹಲಿಯ ಉಚ್ಚ ನ್ಯಾಯಾಲಯ ಹೇಳಿತು. ಆಗಸ್ಟ್ ತಿಂಗಳಲ್ಲಿ ನಮ್ಮ ರಾಜ್ಯದ ಪರಿಸರ ಸಂಸ್ಥೆಯೊಂದರ ಅರ್ಜಿಯ ಮೇಲೆ, ಕನ್ನಡದಂಥ ಭಾಷೆಗಳಲ್ಲಿ ಅದರ ಪ್ರಚಾರವಾಗದಿದ್ದುದನ್ನು ಗಮನಿಸಿ, ಅಂತಿಮ ಅಧಿಸೂಚನೆಯನ್ನು ಸದ್ಯಕ್ಕೆ ಹೊರಡಿಸಕೂಡದೆಂದು ಕರ್ನಾಟಕದ ಉಚ್ಚ ನ್ಯಾಯಾಲಯ ಮಧ್ಯಂತರ ಆಜ್ಞೆ ಮಾಡಿತು. ಕನ್ನಡದಲ್ಲಿ ಕೇಳದೆ ಕನ್ನಡಿಗನ ಒಪ್ಪಿಗೆ ಪಡೆದಂತಾಗದು ಎಂಬ ವಾದವನ್ನು ನ್ಯಾಯಪೀಠದ ಮುಂದೆ ಇಟ್ಟವರು ಸಾಹಿತ್ಯ ಸಂಸ್ಥೆಯವರಲ್ಲ, ಕಾಡಿನ ಚಿಂತೆಯವರು. ಇದನ್ನು ನೆನೆದಾಗ ಸಂತೋಷದ ಜೊತೆಗೆ ಸ್ವಲ್ಪ ನಾಚಿಕೆಯೂ ಆಗುತ್ತದೆ.

ಆ ನಾಚಿಕೆಯನ್ನು ಕಳೆದುಕೊಳ್ಳುವ ದಾರಿ ಕಷ್ಟದ್ದಲ್ಲ. ನಮ್ಮ ಕಾಲೇಜುಗಳಲ್ಲಿ ಭಾಷಾಂತರವನ್ನು ಕಲಿಸುವ ಅಧ್ಯಾಪಕರಿದ್ದಾರೆ. ತಮ್ಮ ತಾಲ್ಲೂಕಿನ ಒಂದು ಅಹವಾಲು ಸಭೆಯ ಸಾರಾಂಶವನ್ನು ತರಿಸಿ, ಅದನ್ನು ಊರಿನವರು ಓದಿ ತಿಳಿಯುವ ಕನ್ನಡಕ್ಕೆ ತಿರುಗಿಸುವುದನ್ನೇ ವಿದ್ಯಾರ್ಥಿಗಳಿಗೆ ಅಭ್ಯಾಸವಾಗಿ ಕೊಡಬಾರದೇಕೆ? ಊರೂರಿನ ನೆಲದ ಹೆಸರುಗಳನ್ನೂ ಆ ಹೆಸರಿನ ಹಿಂದಿನ ಉಪಯೋಗವನ್ನೂ ಸಂಗ್ರಹಿಸಿ ಪಹಣಿಯ ಪಕ್ಕದಲ್ಲಿಟ್ಟರೆ ಅದು ಜಾನಪದವೂ ಹೌದು, ಸಾಕ್ಷ್ಯವೂ ಹೌದು. 1976ರಲ್ಲಿ ಸಂವಿಧಾನಕ್ಕೆ ಸೇರಿದ ಮೂಲಭೂತ ಕರ್ತವ್ಯಗಳಲ್ಲಿ ಕಾಡು, ಕೆರೆ, ಹೊಳೆ, ವನ್ಯಜೀವಿಗಳ ರಕ್ಷಣೆಯೂ ಒಂದು. ಕರ್ತವ್ಯ ಎಲ್ಲರದು, ಅದನ್ನು ಮಹಡಿಯ ಮೇಲಿನ ಎರಡು ಕೋಣೆಗಳಿಗೆ ವಹಿಸಿ ನಾವು ಕೆಳಗೆ ನಿಶ್ಚಿಂತರಾಗಿದ್ದೇವೆ.

ಆ ಕಲ್ಲುಗಣಿಯ ಕಡತ ಏನಾಯಿತೆಂದು ಮೊನ್ನೆ ವಿಚಾರಿಸಿದೆ. ಇನ್ನೂ ಏನೂ ಆಗಿಲ್ಲ. ಇಂಥವು ವರ್ಷಗಟ್ಟಲೆ ನಡೆಯುತ್ತವೆ. ಆದರೆ ಅಹವಾಲು ಸಭೆಯಲ್ಲಿ ಆ ಅಜ್ಜ ಎದ್ದು ನಿಂತು ಮಾತನಾಡಿದರಂತೆ. ನಡವಳಿಯಲ್ಲಿ "ಖರಾಬು ಜಮೀನು" ಎಂಬುದರ ಮುಂದೆ ಅವರ ಮಾತೂ ದಾಖಲಾಗಿದೆಯಂತೆ: ದನ ಮೇಯುವ ಗುಡ್ಡ. ಸರ್ಕಾರದ ಕಡತವೊಂದರಲ್ಲಿ ಒಂದು ಗುಡ್ಡಕ್ಕೆ ಅದರ ಹೆಸರು ಮರಳಿ ಬಂದಿದೆ.