ಕಾದಿದವನು ಕಾಯಬೇಕೆ?

ನಾಡಿಗಾಗಿ ಕಾದಿದವನು ವೈದ್ಯನಿಗಾಗಿ ಕಾಯುತ್ತ ಕೂರುವುದು ಯಾವ ನಾಡಿಗೂ ಶೋಭೆಯಲ್ಲ. 2014ರಲ್ಲಿ ಅಮೆರಿಕದ ಫೀನಿಕ್ಸ್ ನಗರದಲ್ಲಿ, ಮಾಜಿ ಸೈನಿಕರ ಸರ್ಕಾರಿ ಆಸ್ಪತ್ರೆಯು ಅನೇಕರ ಹೆಸರುಗಳನ್ನು ಅಧಿಕೃತ ಸರದಿಪಟ್ಟಿಗೆ ಸೇರಿಸದೆ ವಿಳಂಬವನ್ನು ಮರೆಮಾಚಿದ್ದ ಸಂಗತಿ ಬಯಲಾಯಿತು. ಇಲಾಖೆಯ ಮುಖ್ಯಸ್ಥರಾಗಿದ್ದ ಎರಿಕ್ ಶಿನ್ಸೆಕಿಯವರು ರಾಜೀನಾಮೆಯಿತ್ತರು. 2018ರ ಕಾಯಿದೆಯ ಮೇರೆಗೆ 2019ರಿಂದ ಹೊಸ ನಿಯಮವೊಂದು ಜಾರಿಗೆ ಬಂದಿತು: ಇಲಾಖೆಯ ತಜ್ಞವೈದ್ಯರ ಭೇಟಿ 28 ದಿನಗಳೊಳಗೆ ದೊರೆಯದಿದ್ದರೆ ಯೋಧನು ಸರ್ಕಾರದ ವೆಚ್ಚದಲ್ಲಿ ಹೊರಗಿನ ತಜ್ಞರನ್ನು ಕಾಣಬಹುದು.

ನಿಯಮವೇನೋ ಒಳ್ಳೆಯದೇ. ಆದರೆ ಹೊರಗೂ ಸರದಿ ಉದ್ದವಾಗಿದ್ದರೆ ಫಲವೇನು? ಕಾಯಿದೆಯು ಬಾಗಿಲನ್ನು ತೆರೆಯಬಲ್ಲುದು. ಒಳಗೆ ವೈದ್ಯನಿರುವಂತೆ ನೋಡಿಕೊಳ್ಳಬೇಕಾದುದು ಸರ್ಕಾರದ ಹೊಣೆ. ವ್ಯಾಧಿಯು ಸರದಿಯನ್ನು ಅರಿಯದು. ತಜ್ಞರ ಸಂಖ್ಯೆಯನ್ನು ಹೆಚ್ಚಿಸದೆ ನಿಯಮಗಳನ್ನಷ್ಟೇ ಹೆಚ್ಚಿಸಿದರೆ ಯೋಧನ ಋಣ ತೀರಲಾರದು. ಪದಕಕ್ಕಿಂತಲೂ ಸಕಾಲದ ಚಿಕಿತ್ಸೆಯೇ ಅವನಿಗೆ ಸಲ್ಲಬೇಕಾದ ನಿಜವಾದ ಗೌರವ.